ಏಳ್ರಿ

ತಿಕೋಂಡಿಗೆ ಹೋಗುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ, ಅಕ್ಷರ ಅಲುಗಾಡಿವೆ. ಜೊತೆಗೆ ಕೆಂಚವ್ವ ಇದ್ದಾಳೆ. ಕುರಿ ಕಾಯುವ ಮನೆಯವಳು, ಸಾಲೆಯಲ್ಲಿ ನನ್ನ ಪಕ್ಕ ಕುಳಿತವಳು. ನಿಮ್ಮ ಅಜ್ಜ ತೀರಿಕೊಂಡಾಗ ತಿಂಗಳುಗಟ್ಟಲೆ ನನ್ನ ಬಳಿಯೇ ಮಲಗಿದವಳು.

ಜತ್ತದ ಸ್ಟ್ಯಾಂಡಿನಲ್ಲಿ ಐದಾರು ಹೆಂಗಸರು ದುಂಡಗೆ ಕುಳಿತು ಬುತ್ತಿ ಬಿಚ್ಚಿದ್ದರು. ಒಬ್ಬಾಕೆ ನನ್ನ ಹಣೆಯ ವಿಭೂತಿ ನೋಡಿ ಸರಿದು ಜಾಗ ಮಾಡಿದಳು.

"ಬರ್ರಿ ಅಕ್ಕಾರ, ನೀವು ನಮ್ಮ ಪೈಕಿನ ಅದೀರಿ. ಕುಂದ್ರಿ." ಆಮೇಲೆ ಕೆಂಚವ್ವನ ಕಡೆ ನೋಡಿ, "ಈಕಿ ನಿಮ್ಮ ಆಳೇನ್ರಿ?" ಎಂದಳು.

ಅಲ್ಲ, ನನ್ನ ಗೆಳತಿ ಎನ್ನಬೇಕಿತ್ತು. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅವರ ನಡುವೆ ಹೋಗಿ ಕುಳಿತೆ. ಅವರು ಕೈಗಿಟ್ಟ ರೊಟ್ಟಿಯನ್ನೂ ತಿಂದೆ. ಕೆಂಚವ್ವ ನಮ್ಮಿಬ್ಬರ ಬುತ್ತಿಗಂಟು ಹಿಡಿದುಕೊಂಡು ಕಂಬದ ಹತ್ತಿರ ನಿಂತೇ ಇದ್ದಳು.

ಸಣ್ಣಂದಿನಿಂದ ನನಗೆ "ಏಳಬೇ ಗಂಗಿ" ಎನ್ನುತ್ತಿದ್ದವಳು ಹತ್ತಿರ ಬಂದು, "ಬಸ್ ಬಂತು, ಏಳ್ರಿ" ಎಂದಳು.

ಈಗ ಪಕ್ಕದಲ್ಲೇ ಕುಳಿತಿದ್ದಾಳೆ. ಗಂಟು ನಮ್ಮಿಬ್ಬರ ನಡುವೆ ಇದೆ.

"ಕೆಂಚಿ, ಗಂಟ ಬಿಚ್ಚಬೇ," ಎಂದೆ.

"ನಿಮ್ಮದು ಊಟ ಆಗೇತಲ್ರಿ," ಎಂದಳು.