ಹತ್ತಿಕಾಳಿನ ಕಾವು

ಎಲ್ಲಾದರೂ ಎಮ್ಮೆಗೆಂದು ನೆನೆಸಿಟ್ಟ ಹತ್ತಿಕಾಳಿನ ವಾಸನೆ ಬಂದರೆ ನಾನು ಅಲ್ಲಿ ನಿಲ್ಲಲಾರೆ. ಎಣ್ಣೆಯ ಕಮಟು, ಹಸಿಮಣ್ಣಿನ ತಂಪು, ತುಸು ಹುಳಿ ಬೆರೆತ ವಾಸನೆ ಅದು. ಪೆದ್ದಹರಿವಾಣಂನ ನಮ್ಮ ಮನೆಯ ಗೋಡೆಗೆ, ಅಪ್ಪನ ಅಂಗಿಗೆ, ಅವ್ವನ ಸೆರಗಿಗೆ, ನಾವು ಉಣ್ಣುತ್ತಿದ್ದ ಮಜ್ಜಿಗೆಗೂ ಅಂಟಿಕೊಂಡಿತ್ತು. ಆ ಮನೆ ಈಗಿಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಅದು ಹುಟ್ಟಿದ ಮನೆ ಮಾತ್ರ ಇರಲಿಕ್ಕಿಲ್ಲ.

ಸುಗ್ಗಿಯಲ್ಲಿ ಅಪ್ಪ ನಮ್ಮ ಹತ್ತಿಯನ್ನು ಆದವಾನಿಯಲ್ಲಿ ಕಾಳು ಬಿಡಿಸುವ ಜಿನ್ನಿಗೆ ಹಾಕಿ, ಅರಳೆಯನ್ನು ಅಲ್ಲೇ ಮಾರಿ, ಉಳಿದ ಕಾಳನ್ನು ಬಂಡಿಯಲ್ಲಿ ತರುತ್ತಿದ್ದ. ಹಿತ್ತಿಲ ಕೋಣೆಯಲ್ಲಿ ಎದೆಯೆತ್ತರದ ರಾಶಿ. ಒಂದಿಷ್ಟು ಎಮ್ಮೆಗಳಿಗೆ, ಮಿಕ್ಕದ್ದು ಬಿತ್ತನೆಗೆ. ತೇವ ಸೋಕಿದರೆ ಹತ್ತಿಕಾಳು ರಾಶಿಯ ಹೊಟ್ಟೆಯೊಳಗೆ ತಾನೇ ಕಾಯುತ್ತದೆ. ಮೇಲೆ ತಣ್ಣಗೇ ಇರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಮೊಣಕೈವರೆಗೆ ಕೈ ತೂರಿಸಿ ನೋಡಬೇಕು, ಬಿಸಿ ತಾಗಿದರೆ ತಿರುವಿ ಹರವಬೇಕು. ಮೂರನೇ ತರಗತಿಗೇ ಶಾಲೆ ಬಿಡಿಸಿಕೊಂಡ ನನ್ನ ಪಾಲಿಗೆ ಆ ಕೆಲಸ ಬಂದಿತ್ತು.

ಅಣ್ಣ ಶಿವಪ್ಪ ಆದವಾನಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ. ಚಿಕ್ಕಂದಿನಿಂದ ಉಬ್ಬಸ. ರಜೆಗೆ ಬಂದರೆ ಧೂಳು ತಾಗದಂತೆ ಹೊಸ್ತಿಲಾಚೆ ಕೂತು ನನಗೆ ಇಂಗ್ಲಿಷ್ ಕಲಿಸುವ ಹುಚ್ಚು.

"ಒಂದರಿಂದ ತಾನಾಗೇ ಹೊರಗ ಬರೋದಕ್ಕ ಗಿವ್ ಆಫ್ ಅಂತಾರ. ಒಲಿ ಹೊಗಿ ಗಿವ್ ಆಫ್ ಮಾಡ್ತೈತಿ, ಮಲ್ಲಿಗಿ ವಾಸನಿ, ಈ ನಿನ್ನ ಕಾಳು ಕಾವು."

"ಎಮ್ಮಿ ಸಗಣಿ?"

"ಸಗಣಿ ಅಲ್ಲಲೇ ಹುಚ್ಚಿ, ಸಗಣೀದು ನಾತ."

ನಮ್ಮಲ್ಲಿ ಹೊಗೆ ಏಳುತ್ತದೆ, ವಾಸನೆ ಬರುತ್ತದೆ, ಕಾವು ಹೊಡೆಯುತ್ತದೆ. ಅವರಿಗೆ ಎಲ್ಲಕ್ಕೂ ಒಂದೇ ಮಾತು ಸಾಕಲ್ಲ ಎಂದು ನನಗೆ ಸೋಜಿಗ. ಒಲೆ ಹಚ್ಚುವುದು ಅಡುಗೆಗೆ, ಹೊಗೆ ಯಾರೂ ಬೇಡಿದ್ದಲ್ಲ, ಜತೆಗೆ ಬರುತ್ತದೆ ಅಷ್ಟೆ, ಎಂದು ಅಣ್ಣ ಬಿಡಿಸಿ ಹೇಳಿದ.

ಆ ವರ್ಷ ಅಕಾಲದ ಮಳೆಗೆ ಮಾಳಿಗೆ ಸೋರಿತು. ಅದೇ ವಾರ ರಾಶಿಯಲ್ಲಿ ಚೇಳು ಕಂಡು ನಾನು ಹೆದರಿದ್ದೆ. ಅಂದಿನಿಂದ ರಾಶಿಯ ಮೇಲಷ್ಟೇ ಅಂಗೈ ಊರಿ ಬಂದುಬಿಡುತ್ತಿದ್ದೆ. "ಕೈ ಒಳಗ ಹಾಕಿದೇನ?" ಎಂದು ಅವ್ವ ಕೇಳಿದರೆ "ಹಾಕೀನಿ ಬೇ, ತಣ್ಣಗೈತಿ" ಎನ್ನುತ್ತಿದ್ದೆ. ಹೀಗೆ ಎಂಟು ದಿನ. ಅಣ್ಣ ರಜೆಗೆ ಬಂದ ಮೂರನೇ ದಿನ ಹುಳಿವಾಸನೆ ಹಿಡಿದು ಒಳಗೆ ಬಂದ. ರಾಶಿಗೆ ಕೈ ಹಾಕಿದವನು ಸುಟ್ಟುಕೊಂಡವನಂತೆ ಹೊರಗೆಳೆದ. ನಾನು ಅಳತೊಡಗಿದೆ. "ಸುಮ್ನಿರು, ಅಪ್ಪ ಬರೋದ್ರಾಗ ಜಲ್ದಿ ತಿರುವಿ ಹಾಕೋಣು" ಅಂದ. ಸಲಿಕೆ ಹಾಕಿದೊಡನೆ ಹಬೆ ಎದ್ದಿತು, ಅದರ ಹಿಂದೆ ಬೂದಿಯಂಥ ಬೂಷ್ಟಿನ ಧೂಳು. ಅವನ ಎದೆಯ ಸಂಗತಿ ನನಗೆ ಗೊತ್ತಿತ್ತು. ಅವ್ವನನ್ನು ಕೂಗಬಹುದಿತ್ತು. ನಾನೋ, ಅವ್ವನ ಕಣ್ಣಿಗೆ ಬೀಳಬಾರದೆಂದು ಬಾಗಿಲು ಮುಂದೆ ಮಾಡಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಅಪ್ಪ ಬಂದಾಗ ಅಣ್ಣ ಪಡಸಾಲೆಯಲ್ಲಿ ಮಂಡಿಗೆ ಕೈಯೂರಿ ಉಸಿರು ಜಗ್ಗುತ್ತಿದ್ದ. ಕಾಳು ಕಂದಿಹೋಗಿತ್ತು, ಬಿತ್ತಿದರೆ ಒಂದೂ ಮೊಳೆಯುವಂತಿರಲಿಲ್ಲ. "ನಾ ಬಂದ ದಿನಾನ ಈಕಿ ಹೇಳಿದ್ಳಪ್ಪ, ಬಿಸಿ ಐತಿ ಅಂತ. ನಾನ ನೋಡ್ತೀನಿ ಅಂದು ಮರತೆ" ಅಂದ, ಎರಡೆರಡು ಮಾತಿಗೆ ನಿಂತು ನಿಂತು.

"ಪುಸ್ತಕ ಬಿಟ್ರ ನಿನಗೇನ್ ಕಾಣತೈತಿ? ಹೊಣಿ ಅಂಬೋದ ಇಲ್ಲ" ಅಂದ ಅಪ್ಪ.

ನಾನು ಕಂಬ ಹಿಡಿದು ನಿಂತಿದ್ದೆ. ಆದವಾನಿಯಿಂದ ಡಾಕ್ಟರು ಬಂದರು, ಔಷಧಿ ಕುಡಿಸಿದರು. ಮರುದಿನ ಯಾರೂ ಇಲ್ಲದಾಗ "ಹೇಳಿಬಿಡ್ಲೇನಣ್ಣಾ?" ಎಂದೆ. ಅವನು ಕೈ ಅಲ್ಲಾಡಿಸಿದ. ಬೇಡ ಅಂದನೋ, ಮಾತು ಸಾಕು ಅಂದನೋ. ಬೇಡ ಅಂದನೆಂದೇ ನಾನು ಹಿಡಿದುಕೊಂಡೆ. ನಾಲ್ಕನೇ ದಿನ ಮಧ್ಯಾಹ್ನ ಅವನ ಉಸಿರು ನಿಂತಿತು.

ಅಪ್ಪ ಬಹಳ ವರ್ಷ ಬದುಕಿದ. ಕಡೆಯ ಬೇನೆಯಲ್ಲಿ ಅವನ ಬಳಿ ನಾನೊಬ್ಬಳೇ ಇದ್ದೆ. ಒಂದು ಬೆಳಿಗ್ಗೆ, ಜ್ವರ ಇಳಿದ ಹೊತ್ತು, ತೊಲೆ ನೋಡುತ್ತಾ, "ಶಿವಪ್ಪಗ ಒಂದೀಟು ಹೊಣಿ ಇದ್ದಿದ್ರ ಇವತ್ತು ಇರ್ತಿದ್ದ" ಅಂದ.

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಿ ಕಾದ.

"ನೀರು ಬೇಕೇನಪ್ಪಾ?" ಎಂದೆ.

ತಲೆಯಾಡಿಸಿದ. ಎತ್ತಿ ಕೂರಿಸಿ ಕುಡಿಸಿದೆ.