ಗಡಂಗಿನ ನೆಲಕ್ಕೆ ಬಿದ್ದ ಹೆಸರು

…ಅಥವಾ ಹೆಂಡದ ಕುಡಿಕೆ ಆ ಅಪರಿಚಿತನ ಎಡಗೈಯಲ್ಲಿತ್ತೋ ಏನೋ. ನೆನೆಸಿಕೊಂಡು ನೆನೆಸಿಕೊಂಡು ಆ ಸಂಜೆಯೇ ಸವೆದುಹೋಗಿದೆ. ಯಾವುದು ಕಣ್ಣಾರೆ ಕಂಡದ್ದು, ಯಾವುದು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಹೇಳಲಾರೆ. ವರ್ಷ ಮಾತ್ರ ಸಾವಿರದ ಒಂಬೈನೂರ ನಲವತ್ಮೂರು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ.

ಪಿರಿಯಾಪಟ್ಟಣದಿಂದ ಕೊಡಗಿಗೆ ಹೋಗುವ ರಸ್ತೆಯ ಪಕ್ಕ ಕೆಂಪಣ್ಣನ ಹೆಂಡದ ಗಡಂಗು ಇತ್ತು. ಸೋಗೆಯ ಮಾಡು, ಈಚಲ ಚಾಪೆ, ಹುಳಿ ವಾಸನೆ, ಸುಟ್ಟ ಒಣಮೀನು. ಓದುಬರಹ ಕಮ್ಮಿಯಿದ್ದ ನಮ್ಮೂರಿಗೆ ಅದೇ ಅಂಚೆಮನೆ. ಕಾಫಿ ತೋಟಗಳಿಗೆ ಕೂಲಿಗೆ ಹೋದವರ ಸುದ್ದಿ ಮೊದಲು ಬರುತ್ತಿದ್ದುದು ಅಲ್ಲಿಗೆ. ನನ್ನ ಅಣ್ಣ ಜವರ ಹಾಗೆ ಹೋದವನು ಯುಗಾದಿಗೆ ಬರುತ್ತೇನೆಂದಿದ್ದ. ಬರಲಿಲ್ಲ. ಅದಕ್ಕೇ ನಾನು ಸಂಜೆಯಾದರೆ ಗಡಂಗಿಗೆ ಹೋಗಿ ಕೂರುತ್ತಿದ್ದೆ.

ಅಲ್ಲೊಂದು ಪದ್ಧತಿಯಿತ್ತು. ತನ್ನವರು ಯಾರಾದರೂ ಸತ್ತಿದ್ದರೆ, ಕುಡಿಯುವ ಮೊದಲು ಅವರ ಹೆಸರು ಹೇಳಿ ನೆಲಕ್ಕೆ ಹನಿ ಬಿಡಬೇಕು. ಹಾಗೆ ಬಿಟ್ಟವನು ಕುಡಿಕೆ ಬರಿದು ಮಾಡುವ ತನಕ ಯಾರೂ ಅವನನ್ನು ಮಾತಾಡಿಸಬಾರದು.

ಆ ದಿನ ಮುದ್ದ ಎಂಬವನು ಪದ ಹೇಳುತ್ತಿದ್ದ. "ನಿಲ್ಸಲಾ ಮುದ್ದ, ನಿನ್ ಪದಕ್ಕೆ ಎಂಡ ಉಳಿ ಆಯ್ತಾ ಅದೆ ಕಣ್ಲಾ" ಎಂದು ಕೆಂಪಣ್ಣ ಗದರಿದ.

"ನೀನ್ ನೀರ್ ಬೆರ್ಸಿರೋ ಎಂಡ ಉಳಿ ಆದ್ರೇ ವಾಸಿ ಕಣಣ್ಣೋ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ಹೊರಗೆ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ತೋಟದ ಲಾರಿ ನಿಂತಿತು. ತಲೆಗೆ ಕಂಬಳಿ ಸುತ್ತಿದ ಅಪರಿಚಿತನೊಬ್ಬ ಒಳಬಂದು, ಕುಡಿಕೆ ತೆಗೆದುಕೊಂಡು, ನೆಲಕ್ಕೆ ಹನಿ ಬಿಟ್ಟ. ನಮ್ಮೂರಿನ ಹೆಸರು ಹೇಳಿ, "ಜವರಂಗೆ" ಎಂದ. ನಮ್ಮೂರಿನಲ್ಲಿ ಜವರ ಎಂದರೆ ಅಣ್ಣನೊಬ್ಬನೇ.

ಪದ ನಿಂತಿತು. ನಾನು ಎದ್ದೆ. ಕೆಂಪಣ್ಣ ನನ್ನ ತೋಳು ಹಿಡಿದು, "ಕುಡ್ದು ಮುಗುಸ್ಲಿ, ಇರು" ಎಂದು ಪಿಸುಗುಟ್ಟಿದ. ಲಾರಿ ಹಾರ್ನ್ ಹೊಡೆಯಿತು. ಅವನು ಗಟಗಟ ಕುಡಿದು, ಕುಡಿಕೆ ಇಟ್ಟು ಓಡಿದ. ನಾನು ರಸ್ತೆಗೆ ಬರುವಷ್ಟರಲ್ಲಿ ಬರೀ ಇದ್ದಿಲಿನ ಹೊಗೆ. "ನಿಂತ್ಕಳಣ್ಣೋ!" ಎಂದು ಕೂಗಿದೆನೇ? ಕೂಗಿದೆ ಎಂದೇ ಅಂದುಕೊಂಡಿದ್ದೇನೆ.

ನನಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ಹೆಂಗಸರು ಅತ್ತಿಗೆಯ ಬಳೆ ಒಡೆದಾಗಿತ್ತು. ಹೆಣವಿಲ್ಲದೆ ತಿಥಿ ಮಾಡಿದೆವು.

ಕೆಲವು ವಾರ ಕಳೆದ ಮೇಲೆ ಕೊಡಗಿನ ಕಡೆ ಎತ್ತು ಮಾರಿ ಬಂದವನೊಬ್ಬ ಗಡಂಗಿನಲ್ಲಿ ಈ ಸಂಗತಿ ಕೇಳಿ ಗಾಬರಿಯಾದ. "ಅಯ್ಯೋ, ಆ ಕಡೆ ತೋಟದ ಆಳುಗಳು ದೂರ ಇರೋ ಗೆಣೆಕಾರ್ರಿಗೂ, ಜೊತೆಗಾರ್ರಿಗೂ ಅನಿ ಬುಡ್ತಾರೆ ಕಣ್ರೀ. ಬದ್ಕಿರೋರ್ಗೂವೆ!"

ಮರುದಿನವೇ ನಾನು ಕೊಡಗಿಗೆ ಹೊರಟೆ. ಅಣ್ಣನಿದ್ದ ತೋಟದ ಮೇಸ್ತ್ರಿ ಹೇಳಿದ: "ಒಂದು ಗುಂಪು ವೈನಾಡಿಗೆ ಹೋಯ್ತು. ಒಂದಷ್ಟು ಜನ ಜ್ವರದಲ್ಲಿ ತೀರ್ಕೊಂಡ್ರು. ನಿಮ್ಮಣ್ಣ ಯಾವುದ್ರಲ್ಲಿದ್ನೋ, ನನ್ನ ಕೇಳ್ಬೇಡ." ವೈನಾಡಿನಲ್ಲೂ ಅಲೆದೆ. ಯಾರೂ ಅವನನ್ನು ಕಂಡಿರಲಿಲ್ಲ.

ಊರಿಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ. ಆಕೆ ಬರಿಗೈ ನೋಡಿಕೊಂಡು, "ಅಂಗಾರೆ ನಾನು ಬಳೆ ಇಕ್ಕಳ್ಳಾ, ಬ್ಯಾಡ್ವಾ? ಒಂದ್ ಮಾತ್ ಏಳಪ್ಪಾ" ಎಂದಳು.

ಆಕೆ ಬಳೆ ತೊಡಲಿಲ್ಲ. ಕೂಡಿಕೆಗೆ, ಅಂದರೆ ಮರುಮದುವೆಗೆ, ಕೇಳಿ ಬಂದವರನ್ನೂ, "ಅವ್ನು ಬಂದ್ಬುಟ್ರೆ?" ಎಂದು ಕಳುಹಿಸಿಬಿಟ್ಟಳು. ವರ್ಷವರ್ಷವೂ ಅಣ್ಣನಿಗೆ ಎಡೆ ಇಡುತ್ತಿದ್ದಳು. ಇಡುವಾಗ ಬಾಗಿಲ ಕಡೆ ನೋಡುತ್ತಿದ್ದಳು. ಈಗ ಆಕೆಯೂ ಇಲ್ಲ.

ಆ ಸಂಜೆ ಅಣ್ಣ ಬದುಕಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.