ಓರೆ ಹಿಡಿದ ಚೌಕಳಿ

ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಪ್ರೊಜೆಕ್ಟಿವ್ ಜಾಮೆಟ್ರಿ ಕಲಿಯಲು ಕೂತೆ. ಕ್ಯಾಮೆರಾ ನೋಡಿದ್ದನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ವಿದ್ಯೆಗೆ ಇದೇ ಅಡಿಪಾಯ ಎಂದು ಎಲ್ಲೋ ಓದಿದ್ದೆ. ಸಂಜೆ ಕಮರಿಪೇಟೆಯಲ್ಲಿ ಗಣಿತದ ಟ್ಯೂಷನ್, ಹಗಲೆಲ್ಲ ಕೇಶ್ವಾಪುರದ ಬಾಡಿಗೆ ಕೋಣೆಯಲ್ಲಿ ಈ ಪಾಠ. ಗುರು ಇಲ್ಲ, ಸಹಪಾಠಿ ಇಲ್ಲ. ಸಮಾನಾಂತರ ರೇಖೆಗಳೂ ಅನಂತದಲ್ಲಿ ಕೂಡುತ್ತವೆ ಎಂಬುದು ನಿಜಕ್ಕೂ ತಲೆಗೆ ಹೋದ ದಿನ ಖುಷಿಯಿಂದ ಎದ್ದು ನಿಂತೆ. ಹೇಳಲು ಯಾರೂ ಇರಲಿಲ್ಲ. ಚಹಾ ಮಾಡಿಕೊಂಡು ಕುಡಿದೆ.

ಕಲಿತದ್ದು ಸರಿಯೋ ತಪ್ಪೋ ನೋಡಲು ಕಿಟಕಿಯ ಸರಳಿಗೆ ಕಟ್ಟಿದ್ದ ಪುಟ್ಟ ಕ್ಯಾಮೆರಾವನ್ನೇ ಅಳೆಯಲು ಹೊರಟೆ. ಕಪ್ಪು ಬಿಳಿ ಚೌಕಳಿಯ ಕಾಗದವನ್ನು ರಟ್ಟಿಗೆ ಅಂಟಿಸಿ, ಫೋಟೊ ತೆಗೆದು, ಚೌಕಗಳು ಎಷ್ಟು ಸೊಟ್ಟಗಾಗಿವೆ ಎಂಬುದರಿಂದ ಕ್ಯಾಮೆರಾದ ಒಳಗುಟ್ಟನ್ನು ಲೆಕ್ಕ ಹಾಕಬೇಕು. ನಾನು ರಟ್ಟನ್ನು ಗೋಡೆಗೆ ಆನಿಸಿ, ಅತ್ತಿತ್ತ ಸರಿಸುತ್ತ, ಓಡಿ ಬಂದು ಕೀಲಿ ಒತ್ತಿದೆ. ಲೆನ್ಸಿನ ನೇರಕ್ಕೆ, ಚಿತ್ರದ ನಡುವೆ ಇರಬೇಕಾದ ಬಿಂದು ಲೆಕ್ಕದಲ್ಲಿ ಚಿತ್ರದ ಆಚೆಗೆಲ್ಲೋ ಬಂತು. ವಾರಗಟ್ಟಲೆ ಪ್ರೋಗ್ರಾಮನ್ನು ಬೈದೆ. ಕೊನೆಗೆ ಹೊಳೆಯಿತು: ಒಂದೇ ಗೋಡೆಗುಂಟ ಎಲ್ಲಿಗೆ ಸರಿಸಿದರೂ ರಟ್ಟು ಹಿಂದಿನ ಜಾಗಕ್ಕೆ ಸಮಾನಾಂತರವೇ. ಎಷ್ಟು ಫೋಟೊ ತೆಗೆದರೂ ಲೆಕ್ಕಕ್ಕೆ ಹೊಸದೇನೂ ಸಿಗುವುದಿಲ್ಲ. ರಟ್ಟನ್ನು ಬೇರೆ ಬೇರೆ ಕಡೆಗೆ ಓರೆ ಮಾಡಬೇಕಿತ್ತು. ಡಬ್ಬಿಗಳ ಆಸರೆ ಕೊಟ್ಟು ಅದನ್ನೂ ಒಬ್ಬಳೇ ಮಾಡಬಹುದಿತ್ತು. ಆದರೆ ಡಬ್ಬಿಗಳ ಸಹವಾಸ ನನಗೆ ಸಾಕಾಗಿತ್ತು.

ಗೋಡೆಯಾಚೆ, ಮನೆಯ ಮುಂಭಾಗದಲ್ಲಿದ್ದ ಮನೆಯೊಡತಿ ಕಾಕು ಅವರನ್ನು ಸಂಕೋಚದಿಂದ ಕರೆದೆ. ನಳದ ನೀರು ಬಂದ ದಿನದ ಹೊರತು ನಾವು ಮಾತಾಡಿದ್ದೇ ಕಡಿಮೆ. ಫೋಟೊ ಎಂದದ್ದಕ್ಕೆ ಅವರು ಛಂದದ ಸೀರೆ ಉಟ್ಟು ಬಂದು, ಸನ್ಮಾನದ ಫಲಕ ಹಿಡಿದವರಂತೆ ರಟ್ಟನ್ನು ಎದೆಗೊತ್ತಿ ನೆಟ್ಟಗೆ ಕೂತರು.

"ಕಾಕು, ಸ್ವಲ್ಪ ಓರೆ ಮಾಡ್ರಿ," ಎಂದೆ.

ಅವರು ಕತ್ತು ಓರೆ ಮಾಡಿದರು.

"ನೀವಲ್ರಿ, ರಟ್ಟು!"

"ಫೋಟೊದಾಗ ಸೊಟ್ಟ ಹಿಡದ್ರ ಛಲೋ ಕಾಣಸ್ತೈತೇನವಾ?"

ನಾನು ಜೋರಾಗಿ ನಕ್ಕೆ. ಆ ಕೋಣೆಯಲ್ಲಿ ನನ್ನ ನಗು ಕೇಳಿ ನನಗೇ ವಿಚಿತ್ರವೆನಿಸಿತು. ಅವರು ರಟ್ಟನ್ನು ಎಡಕ್ಕೆ, ಬಲಕ್ಕೆ ವಾಲಿಸುತ್ತ ಹೋದರು.

"ದಿನಾ ಒಬ್ಬಾಕಿನ ಯಾರ ಜೋಡಿ ಮಾತಾಡ್ತಿ? ಗ್ವಾಡಿ ಆಚೆ ಕೇಳಸ್ತೈತಿ," ಎಂದರು.

"ಗಟ್ಟಿಯಾಗಿ ಓದ್ಕೋತೇನ್ರಿ."

"ಏನ್ ಓದ್ತಿ, ನನಗಷ್ಟ ಹೇಳು."

ಸಮಾನಾಂತರ ರೇಖೆಗಳು ಅನಂತದಲ್ಲಿ ಕೂಡುವ ಸಂಗತಿ ಹೇಳಿದೆ. ಅವರು ಗಂಭೀರವಾಗಿ ಕೇಳಿದರು.

"ಅಷ್ಟ ದೂರ ಹೋಗಿ ನೋಡಿ ಬಂದಾವ್ರು ಯಾರವಾ?"

ನಾನು ಕಲಿತದ್ದನ್ನು ಕೇಳಿಸಿಕೊಂಡು ಮನುಷ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ ಅದು. ಹೊಸ ಫೋಟೊಗಳ ಲೆಕ್ಕ ಓಡಿಸಿದೆ. ಬಿಂದು ಚಿತ್ರದ ನಡುವೆಯೇ ಬಂದು ನಿಂತಿತು. ಇನ್ನೊಮ್ಮೆ ಓಡಿಸಿದರೂ ಅದೇ ಉತ್ತರ.

"ಮುಗೀತೇನು?" ಸೆರಗು ಸರಿಪಡಿಸಿಕೊಳ್ಳುತ್ತ ಕಾಕು ಎದ್ದರು.

ಸರಿಬಂದ ಉತ್ತರ ಅವರಿಗೆ ಕಾಣದಂತೆ ನಾನು ಪರದೆಯನ್ನು ನನ್ನತ್ತ ತಿರುಗಿಸಿಕೊಂಡೆ.

"ಇನ್ನೂ ಇಲ್ರಿ ಕಾಕು. ನಾಳೆನೂ ಬರಬೇಕಾಗತೈತ್ರಿ."